ನಲವತ್ತೊಂದನೇ ನಿಮಿಷ

"ನನಗೆ ಪ್ರಾಂಪ್ಟರ್ ಬೇಡ!"

ಮೇಲಿಂದ ಬಂದ ಆ ಗುಡುಗಿಗೆ, ವೇದಿಕೆಯ ಅಂಚಿನ ಗೂಡಿನೊಳಗೆ ಕೂತಿದ್ದ ಅವಳ ಕೈಯಿಂದ ಪೆನ್ಸಿಲ್ ಜಾರಿ ಬಿತ್ತು.

ಗೂಡು ಎಂದರೆ ನಿಜಕ್ಕೂ ಗೂಡೇ. ವೇದಿಕೆಯ ನೆಲದಲ್ಲಿ ಒಂದು ಚೌಕ ಕಂಡಿ, ಪ್ರೇಕ್ಷಕರಿಗೆ ಕಾಣದಂತೆ ಅದಕ್ಕೊಂದು ಮರದ ಮರೆ. ಒಳಗೆ ಒಂದು ಸ್ಟೂಲು, ಸಣ್ಣ ದೀಪ, ಹಾಡಿನ ಪುಸ್ತಕ ಮತ್ತು ಅವಳು. ಒಪೆರಾದಲ್ಲಿ, ಅಂದರೆ ಇಡೀ ಕಥೆಯನ್ನು ಹಾಡಿಯೇ ನಡೆಸುವ ನಾಟಕದಲ್ಲಿ, ಹಾಡುವವರಿಗೆ ಮುಂದಿನ ಸಾಲಿನ ಮೊದಲ ಪದವನ್ನು ಪಿಸುಗುಟ್ಟುವುದು ಅವಳ ಕೆಲಸ. ಹತ್ತು ವರ್ಷ ಅದನ್ನೇ ಮಾಡಿದ್ದಕ್ಕೆ ತಂಡದಲ್ಲಿ ಎಲ್ಲರ ಬಾಯಲ್ಲೂ ಅವಳು 'ಪಿಸು' ಆಗಿಬಿಟ್ಟಿದ್ದಳು.

ಅವಳು ತಲೆಯೆತ್ತಿದಳು. ಮೊದಲು ಕಂಡಿದ್ದು ಒಂದು ಜೊತೆ ಕಪ್ಪು ಬೂಟು. ಆಮೇಲೆ ಉದ್ದನೆಯ ಕೋಟು. ಎಲ್ಲದರ ಮೇಲೆ ಒಂದು ಗಂಟು ಮುಖ.

ತಂಡಕ್ಕೆ ಹೊಸದಾಗಿ ಬಂದ ಗಾಯಕ. ಹಾಡಿದ್ದೆಲ್ಲ ರಾಜರ ಪಾತ್ರವೇ ಆಗಿ ನಡಿಗೆಯೂ ಹಾಗೇ ಆಗಿದ್ದರಿಂದ ಜನ ಅವನನ್ನು 'ದೊರೆ' ಎನ್ನುತ್ತಿದ್ದರು.

"ಹದಿನೆಂಟು ವರ್ಷದಿಂದ ಹಾಡ್ತಿದ್ದೀನಿ. ಒಂದು ಪದ ಮರೆತಿಲ್ಲ. ಕೆಳಗಿಂದ ಯಾರಾದ್ರೂ ಗೊಣಗ್ತಿದ್ರೆ ನನಗೆ ಆಗಲ್ಲ. ಅರ್ಥ ಆಯ್ತಾ?"

"ಆಯ್ತು ಸರ್."

'ಅಬ್ಬಾ, ಏನು ಜಂಬ!' ಎಂದುಕೊಂಡಳು ಮನಸ್ಸಿನಲ್ಲಿ.

ಅಭ್ಯಾಸ ಶುರುವಾಯಿತು. ಪಿಸು ಎಂದಿನಂತೆ ತುಟಿ ನೋಡುತ್ತಾ ಕೂತಳು. ಹಾಡುವವರು ಉಸಿರೆಳೆದುಕೊಳ್ಳುವಾಗಲೇ ತುಟಿ ಮುಂದಿನ ಪದದ ಆಕಾರಕ್ಕೆ ಬಂದುಬಿಡುತ್ತದೆ. ಬರಲಿಲ್ಲವೆಂದರೆ ಆ ಮನುಷ್ಯನಿಗೆ ಪದ ಸಿಕ್ಕಿಲ್ಲ ಎಂದೇ ಅರ್ಥ. ಇರುವುದು ಅರೆಕ್ಷಣ. ಅಷ್ಟರಲ್ಲಿ ಅವಳು ಕೊಟ್ಟುಬಿಡಬೇಕು.

ಮೂರನೇ ಪುಟದಲ್ಲಿ ದೊರೆಯ ತುಟಿ ಖಾಲಿಯಾಗಿತ್ತು.

ಬೇಡ ಎಂದಿದ್ದರೂ ಬಾಯಿ ಕೇಳಬೇಕಲ್ಲ! ಕೊಟ್ಟೇಬಿಟ್ಟಳು. ಹಾಡು ಎಲ್ಲೂ ತಡೆಯದೆ ಮುಂದೆ ಹೋಯಿತು. ಅಭ್ಯಾಸ ಮುಗಿಯುವಷ್ಟರಲ್ಲಿ ಹಾಗೆ ಆರು ಸಲ ಕೊಟ್ಟಿದ್ದಳು. ಕೊಟ್ಟ ಕಡೆಯಲ್ಲೆಲ್ಲ ಪುಸ್ತಕದಲ್ಲಿ ಒಂದು ಪೆನ್ಸಿಲ್ ಚುಕ್ಕಿ, ಪಕ್ಕದಲ್ಲಿ ತಾರೀಖು ಹಾಕುವುದು ಅವಳ ರೂಢಿ.

ಕೊನೆಗೆ ಅವನು ಗೂಡಿನ ಮುಂದೆ ಬಗ್ಗಿ, ಮೊದಲ ಸಲ ನಕ್ಕ.

"ನೋಡಿದ್ರಾ? ಒಂದೇ ಒಂದು ಪದನೂ ಬೇಕಾಗ್ಲಿಲ್ಲ!"

ಪಿಸು ಬೆಪ್ಪಾದಳು. ತಮಾಷೆ ಮಾಡುತ್ತಿದ್ದಾನಾ? ಇಲ್ಲ... ಆ ಕಣ್ಣಲ್ಲಿ ಸುಳ್ಳಿರಲಿಲ್ಲ. ಅವಳು ಕೊಟ್ಟ ಪದ ಕಿವಿಗೆ ಬಿದ್ದು ನಾಲಿಗೆಗೆ ಬಂದದ್ದೇ ಅವನಿಗೆ ಗೊತ್ತಾಗಿರಲಿಲ್ಲ!

ಆ ದಿನ ಅವಳಿಗೆ ಅದು ನಗುವ ವಿಷಯವಾಗಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ನಕ್ಕಳು. ಪಾಪ, ಆಮೇಲೆ ಅದಕ್ಕೆ ನಗುವುದು ಅವಳಿಂದ ಆಗಲೇ ಇಲ್ಲ.

* * *

ಪ್ರಾಂಪ್ಟರ್ ಬೇಡ ಎಂದ ಮಹಾಶಯ ಎರಡನೇ ವಾರಕ್ಕೆ ಅವಳ ಸ್ಟೂಲಿಗೆ ಒಂದು ಮೆತ್ತೆ ತಂದ.

"ಎರಡೆರಡು ಗಂಟೆ ಆ ಹಲಗೆ ಮೇಲೆ ಕೂತ್ರೆ ಸೊಂಟ ಏನಾಗ್ಬೇಕು ನಿಮ್ದು?"

"ಗೊಣಗೋರಿಗೆ ಮೆತ್ತೆ ಯಾಕೆ ಸರ್?"

"ಗೊಣಗಲ್ಲ ಅಂತ ಮಾತು ಕೊಟ್ಟಿದ್ದೀರಲ್ಲ, ಅದಕ್ಕೆ!"

ಮೂರನೇ ವಾರಕ್ಕೆ ಇಬ್ಬರೂ ಅಭ್ಯಾಸದ ನಂತರ ಕಾಫಿ ಕುಡಿಯುತ್ತಿದ್ದರು. ನಾಲ್ಕನೇ ವಾರಕ್ಕೆ ಅವನು ಬರುವ ಹೆಜ್ಜೆ ಸಪ್ಪಳವೇ ಅವಳಿಗೆ ಗುರುತಾಗುತ್ತಿತ್ತು. ಹೌದು ಮತ್ತೆ, ಪ್ರೀತಿಯೇ! ಅವಳು ಮಾತ್ರ ಅದನ್ನು ಗೌರವ ಎಂದು ಕರೆದುಕೊಂಡು ತಿರುಗುತ್ತಿದ್ದಳು.

ಒಂದು ದಿನ ಅವನು ಅಪ್ಪನ ವಿಷಯ ತೆಗೆದ.

"ಅಪ್ಪ ರೈಲ್ವೆ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ರು. ಒಳ್ಳೆ ಗಂಟಲು. ಒಂದು ಬೆಳಿಗ್ಗೆ ಮೈಕ್ ಮುಂದೆ ಊರಿನ ಹೆಸರು ಬರಲಿಲ್ಲ. ದಿನಾ ಹೇಳೋ ಹೆಸರು! ಸುಮ್ಮನೆ ನಿಂತುಬಿಟ್ರು. ಪ್ಲಾಟ್‌ಫಾರ್ಮ್ ತುಂಬಾ ಜನ ತಲೆಯೆತ್ತಿ ಕಾಯ್ತಿದ್ರು... ಆಗ ಅವರಿಗೆ ನಲವತ್ತೆರಡು."

"ಈಗ?"

"ಈಗ ನಾನು ಯಾರು ಅಂತ ಗೊತ್ತಿಲ್ಲ. ಅಕ್ಕ ನೋಡ್ಕೊಳ್ತಾಳೆ." ಕಾಫಿ ಲೋಟವನ್ನು ಸುಮ್ಮನೆ ತಿರುಗಿಸುತ್ತಾ ಅವನು ಹೇಳಿದ. "ಸಾವಿಗೆ ನನಗೆ ಹೆದರಿಕೆ ಇಲ್ಲ ರೀ. ಆ ನಿಲ್ಲೋದಿದೆಯಲ್ಲ... ಮೈಕ್ ಮುಂದೆ ಹಾಗೆ ನಿಂತುಬಿಡೋದು... ಅದಕ್ಕೆ ಹೆದರಿಕೆ."

ಅವನಿಗೆ ಆಗ ಮೂವತ್ತೊಂಬತ್ತು.

ಮನೆಗೆ ಬಂದವಳೇ ಪಿಸು ಪುಸ್ತಕ ತೆರೆದಳು. ಮೊದಲ ದಿನ ಆರು ಚುಕ್ಕಿ. ಎರಡನೇ ವಾರ ಒಂದು ಅಭ್ಯಾಸಕ್ಕೆ ಒಂಬತ್ತು. ನಿನ್ನೆಯ ಅಭ್ಯಾಸಕ್ಕೆ ಹದಿಮೂರು. ಮತ್ತೊಮ್ಮೆ ಎಣಿಸಿದಳು. ಹದಿಮೂರೇ.

'ಹೇಳಬೇಕು... ಆದರೆ ಹೇಗೆ? ಯಾವ ಬಾಯಲ್ಲಿ ಹೇಳಲಿ?'

ಹೇಳಲಿಲ್ಲ. ಬದಲಿಗೆ ಇನ್ನೂ ಬೇಗ, ಇನ್ನೂ ಮೆತ್ತಗೆ ಪದ ಕೊಡತೊಡಗಿದಳು.

* * *

ಪ್ರದರ್ಶನದ ದಿನ ಬಂತು. ವೇಷಭೂಷಣ ಇಲ್ಲದೆ, ಸುಮ್ಮನೆ ನಿಂತು ಹಾಡುವ ಒಪೆರಾ ಕಚೇರಿ ಅದು. ಆ ಸಂಜೆ ರೆಕಾರ್ಡಿಂಗ್ ಕಂಪನಿಯವರು ಬಂದು ವೇದಿಕೆಯ ಅಂಚಿನುದ್ದಕ್ಕೂ ಮೈಕುಗಳನ್ನು ಜೋಡಿಸಿದರು. ಒಂದು ಮೈಕು ಗೂಡಿಗೆ ಒಂದು ಮೊಳವೂ ದೂರವಿರಲಿಲ್ಲ.

"ಮೇಡಂ, ಇವತ್ತು ನೀವು ಸದ್ದು ಮಾಡೋ ಹಾಗೇ ಇಲ್ಲ," ಎಂದ ರೆಕಾರ್ಡಿಸ್ಟ್. "ಏನಿದ್ರೂ ತುಟಿ ಆಡ್ಸಿ, ಅಷ್ಟೇ."

ಹಾಗೇ ಮಾಡಿದಳು. ದೊರೆ ಆಗಾಗ ಕೆಳಗೆ ನೋಡುತ್ತಿದ್ದ, ಅವಳ ತುಟಿಯಿಂದ ಪದ ಎತ್ತಿಕೊಳ್ಳುತ್ತಿದ್ದ. ಕೊನೆಯ ಹಾಡು ಬಂತು. ದೋಣಿ ಹತ್ತಿ ಹೊರಟ ರಾಣಿಯನ್ನು ರಾಜ ತಡೆಯುವ ಹಾಡು. ಅವನು ಭಾವ ತುಂಬಿ ಕಣ್ಣು ಮುಚ್ಚಿದ.

ಉಸಿರೆಳೆದುಕೊಂಡ. ತುಟಿ ಖಾಲಿ!

ಪಿಸು ತುಟಿ ಆಡಿಸಿದಳು. ಕಣ್ಣು ಮುಚ್ಚಿದವನಿಗೆ ಏನು ಕಾಣುತ್ತದೆ? ಒಂದು ಕ್ಷಣ ಹೋಯಿತು. ಎರಡು ಹೋಯಿತು. ಪಿಟೀಲಿನವರ ಕಮಾನುಗಳು ಎತ್ತಿದ ಹಾಗೇ ನಿಂತವು. ಅವಳಿಗೆ ರೈಲ್ವೆ ನಿಲ್ದಾಣ ಕಂಡಿತು. ತಲೆಯೆತ್ತಿ ಕಾಯುತ್ತಿದ್ದ ಆ ಜನ...

"ಹೋಗಬೇಡ..."

ಹಾಡಿನ ಮುಂದಿನ ಪದ ಅದೇ. ಆದರೂ ಅದು ಕೆಲಸಕ್ಕೆ ಆಡಿದ ಪದವಾಗಿರಲಿಲ್ಲ. ಅವಳೇ ಅವನನ್ನು ಬೇಡಿಕೊಂಡಿದ್ದಳು. ಅವನು ಕಣ್ಣು ತೆರೆದ. ನೇರ ಅವಳನ್ನೇ ನೋಡುತ್ತಾ ಆ ಪದವನ್ನೆತ್ತಿ ಹಾಡಿದ. ಸಭಾಂಗಣ ಎದ್ದು ನಿಂತಿತು!

ತಿಂಗಳೊಳಗೆ ಧ್ವನಿಮುದ್ರಿಕೆ ಹೊರಬಂತು. ಒಪೆರಾ ಎಂದರೆ ಮೂಗು ಮುರಿಯುತ್ತಿದ್ದವರೂ ಅದನ್ನು ತಲೆಯ ಮೇಲೆ ಹೊತ್ತುಕೊಂಡರು. ಕ್ಷೌರದಂಗಡಿಯಲ್ಲಿ ಅದೇ, ಬಸ್ಸಿನಲ್ಲಿ ಅದೇ, ಆಸ್ಪತ್ರೆಯ ಲಿಫ್ಟಿನಲ್ಲೂ ಅದೇ! ಅದರಲ್ಲೂ ನಲವತ್ತೊಂದನೇ ನಿಮಿಷ. ಎರಡು ಕ್ಷಣದ ಮೌನ, ಹೆಣ್ಣಿನ ಒಂದು ಪಿಸುಮಾತು, ಆಮೇಲೆ ಆ ಕಂಠ. ಅಷ್ಟನ್ನೇ ಕತ್ತರಿಸಿ ಲಕ್ಷಾಂತರ ಜನ ಫೋನಿಗೆ ರಿಂಗ್‌ಟೋನ್ ಹಾಕಿಕೊಂಡರು.

'ಆ ಹುಡುಗಿ ಯಾರು? ಖಂಡಿತ ಅವನ ಪ್ರೇಯಸಿ!' ಎಂದು ಪತ್ರಿಕೆಯವರು ಬರೆದರು. ಜನ ಅದನ್ನು ಪ್ರೀತಿ ಎಂದುಕೊಂಡರು. ತಪ್ಪೂ ಅಲ್ಲ ಬಿಡಿ... ಆದರೆ ಎಲ್ಲಾದರೂ ಆ ಎರಡು ಕ್ಷಣದ ಮೌನ ಕೇಳಿಸಿದರೆ ಸಾಕು, ಪಿಸು ಎದ್ದು ಆಚೆ ನಡೆದುಬಿಡುತ್ತಿದ್ದಳು.

* * *

ಕಂಪನಿಯವರು ಸ್ಟೇಡಿಯಂನಲ್ಲಿ ಕಚೇರಿ ಇಟ್ಟರು. ಇಪ್ಪತ್ತು ಸಾವಿರ ಜನ. ಅಲ್ಲಿ ಗೂಡೂ ಇಲ್ಲ, ಮರೆಯೂ ಇಲ್ಲ.

ಅದನ್ನು ಕೇಳಿ ಅವಳು ಗಾಬರಿಯಲ್ಲಿದ್ದಾಗಲೇ ದೊರೆ ಹಾಡಿನ ಪುಸ್ತಕಗಳ ಕೋಣೆಗೆ ನುಗ್ಗಿದ. ಮುಖ ಕೆಂಪಾಗಿತ್ತು.

"ಯಾಕೆ ಹಾಗೆ ಮಾಡಿದ್ರಿ?"

"ಏನು ಸರ್?"

"ಗೊತ್ತಿಲ್ಲದವರ ಹಾಗೆ ಕೇಳ್ಬೇಡಿ! ಆ ಜಾಗದಲ್ಲಿ ನಾನು ಬೇಕಂತಲೇ ತಡೆದು ನಿಂತಿದ್ದೆ. ಮೌನ ಇರ್ಲಿ ಅಂತ. ಮೈಕ್ ಇದೆ ಅಂತ ಗೊತ್ತಿದ್ದೂ ನೀವು ಬಾಯಿ ಬಿಟ್ರಿ. ಹೆಸರು ಮಾಡೋಕೆ ತಾನೇ? ಕಂಪನಿ ಮ್ಯಾನೇಜರ್ ಹೇಳಿದಾಗ ನಾನು ನಂಬಿರ್ಲಿಲ್ಲ."

ಬೇಕಂತಲೇ ನಿಂತಿದ್ದೆ... ಅವನು ನಿಜವಾಗಿಯೂ ಹಾಗೇ ನಂಬಿದ್ದ! ಆ ಸಂಜೆ ಅವಳ ತುಟಿ ನೋಡಿ ನೋಡಿ ಹಾಡಿದ್ದೂ ಅವನಿಗೆ ನೆನಪಿರಲಿಲ್ಲ.

ಪುಸ್ತಕ ಕೈಗೆಟಕುವಷ್ಟು ದೂರದಲ್ಲೇ ಇತ್ತು. ತೆರೆದು ಚುಕ್ಕಿ ತೋರಿಸಿದ್ದರೆ ಸಾಕಿತ್ತು. ಅವಳು ಅವನ ಮುಖ ನೋಡಿದಳು. ಅಂದು ಕಾಫಿ ಲೋಟ ತಿರುಗಿಸುತ್ತಿದ್ದ ಆ ಬೆರಳುಗಳನ್ನು ನೋಡಿದಳು.

"ತಪ್ಪಾಯ್ತು ಸರ್."

"ಸ್ಟೇಡಿಯಂ ಹತ್ರ ಬರೋದು ಬೇಡ ನೀವು."

ಬಾಗಿಲು ಬಡಿದುಕೊಂಡಿತು. ಪಿಸು ಗೂಡಿಗಿಳಿದು, ಅವನು ತಂದಿದ್ದ ಮೆತ್ತೆಯನ್ನು ಎದೆಗವಚಿಕೊಂಡು ಅತ್ತಳು.

* * *

ಕಚೇರಿಯ ಹಿಂದಿನ ದಿನ ಒಬ್ಬ ಹೆಂಗಸು ಅವಳನ್ನು ಹುಡುಕಿಕೊಂಡು ಬಂದಳು. ನರೆತ ತಲೆ, ದಣಿದ ಕಣ್ಣು, ದೊರೆಯದೇ ಮೂಗು.

"ನೀನೇನಾ ಪಿಸು? ನಾನು ಅವನ ಅಕ್ಕ."

ಪಿಸು ಕುರ್ಚಿ ಎಳೆದುಕೊಟ್ಟಳು. ಅಕ್ಕ ಕೂರಲಿಲ್ಲ.

"ತಮ್ಮನ ಹಾಡು ಅಂತ ಅಪ್ಪನಿಗೆ ದಿನಾ ಹಾಕ್ತೀನಮ್ಮ. ಅವರು ಎಲ್ಲೋ ನೋಡ್ತಾ ಕೂತಿರ್ತಾರೆ. ಆ ಮೌನ ಬರುತ್ತಲ್ಲ... ಆಗ ಮಾತ್ರ ಎರಡೂ ಕೈಯಲ್ಲಿ ಕುರ್ಚಿ ಹಿಡ್ಕೊಂಡು ನಡುಗ್ತಾರೆ. ಪ್ರತೀ ಸಲ! ಮಕ್ಕಳ ಗುರುತಿಲ್ಲದ ಮನುಷ್ಯನಿಗೆ ಆ ಮೌನದ ಗುರುತಿದೆ." ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ನಿಜ ಹೇಳು. ಅವನು ಬೇಕಂತ ನಿಂತಿದ್ನಾ?"

ಪಿಸು ಪುಸ್ತಕ ತೆರೆದು ಕೊಟ್ಟಳು. ಅಕ್ಕ ಚುಕ್ಕಿಗಳ ಮೇಲೆ ಬೆರಳಾಡಿಸುತ್ತಾ ಹೋದಳು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಅವಳ ಕಣ್ಣಿಂದ ನೀರಿಳಿಯುತ್ತಿತ್ತು.

"ನಾನು ಹೇಳಿದ್ರೆ ಅಕ್ಕನ ಹೆದರಿಕೆ ಅಂತಾನೆ. ನೀನೇ ಹೋಗ್ಬೇಕು. ಇವತ್ತು ನೀನು ಹೇಳದಿದ್ರೆ ನಾಳೆ ಇಪ್ಪತ್ತು ಸಾವಿರ ಜನದ ಮುಂದೆ ಅವನಿಗೆ ಗೊತ್ತಾಗುತ್ತೆ."

ಆ ದಿನವೆಲ್ಲ ಹುಡುಕಿದರೂ ಅವನು ಸಿಗಲಿಲ್ಲ, ಫೋನೂ ಎತ್ತಲಿಲ್ಲ. ಮಾರನೇ ದಿನ ಮಧ್ಯಾಹ್ನ, ಅವನು ಬರಬೇಡ ಎಂದಿದ್ದ ಜಾಗಕ್ಕೇ ಅವಳು ಹೋದಳು.

* * *

ಖಾಲಿ ಸ್ಟೇಡಿಯಂ. ಸುತ್ತ ಸಾವಿರಾರು ಖಾಲಿ ಕುರ್ಚಿ. ಕೆಲಸದವರು ವೈರು ಎಳೆಯುತ್ತಿದ್ದರು. ವೇದಿಕೆಯ ನಡುವೆ ದೊರೆ ಒಬ್ಬನೇ ನಿಂತಿದ್ದ.

"ನಿಮಗೆ ಹೇಳಿದ್ದೆ..."

"ಬೈಯೋದಿದ್ರೆ ಆಮೇಲೆ ಬೈರಿ. ಮೊದಲು ಇದನ್ನ ನೋಡಿ."

ಅವನು ಪುಟ ತಿರುವಿದ. "ಏನಿದು ಚುಕ್ಕಿ?"

"ನಿಮಗೆ ಪದ ಸಿಗದಿದ್ದ ಜಾಗ. ನಾನು ಕೊಟ್ಟ ಜಾಗ."

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಮರುಕ್ಷಣವೇ ಪುಸ್ತಕ ಕೆಳಗೆ ಬಿತ್ತು.

"ಸುಳ್ಳು! ಸರಿ, ಇಲ್ಲೇ ಹಾಡ್ತೀನಿ. ನೀವು ತುಟಿ ಕೂಡ ಅಲ್ಲಾಡಿಸ್ಬಾರ್ದು."

ಹಾಡತೊಡಗಿದ. ಮೊದಲ ಪುಟ ದಾಟಿತು. ಎರಡನೆಯದೂ ದಾಟಿತು. 'ದೇವರೇ, ತಪ್ಪು ನನ್ನದೇ ಆಗಿರಲಿ! ಜಂಬದಿಂದ ನನ್ನನ್ನು ಓಡಿಸಿಬಿಡಲಿ!' ಎಂದು ಅವಳು ಬೇಡಿಕೊಂಡಳು.

ಮೂರನೇ ಪುಟ. ಅವನು ಉಸಿರೆಳೆದುಕೊಂಡ.

ತುಟಿ ಖಾಲಿ.

ಒಂದು ಕ್ಷಣ... ಎರಡು... ಐದು. ಎಲ್ಲೋ ಒಂದು ಟಾರ್ಪಾಲು ಗಾಳಿಗೆ ಪಟಪಟ ಬಡಿಯುತ್ತಿತ್ತು. ವೈರು ಎಳೆಯುತ್ತಿದ್ದವನೊಬ್ಬ ಕೆಲಸ ನಿಲ್ಲಿಸಿ ತಲೆಯೆತ್ತಿ ನೋಡಿದ. ದೊರೆ ಅವಳತ್ತ ತಿರುಗಿದ. ಕೊಡು ಎಂದು ಆ ಕಣ್ಣು ಅಂಗಲಾಚುತ್ತಿತ್ತು. ಪದ ಅವಳ ನಾಲಿಗೆಯ ತುದಿಯಲ್ಲೇ ಇತ್ತು.

ಪಿಸು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು.

ಹತ್ತು ವರ್ಷದಲ್ಲಿ ಮೊದಲ ಸಲ ಅವಳು ಪದ ಕೊಡಲಿಲ್ಲ. ಕಣ್ಣೀರು ಮಾತ್ರ ಬೆರಳುಗಳ ಮೇಲೆ ಹರಿಯಿತು.

ಅವನು ನಿಧಾನವಾಗಿ ವೇದಿಕೆಯ ಅಂಚಿನಲ್ಲಿ ಕುಸಿದು ಕೂತ. ಬಿದ್ದಿದ್ದ ಪುಸ್ತಕವನ್ನೆತ್ತಿ ಚುಕ್ಕಿಗಳ ಮೇಲೆ ಕಣ್ಣಾಡಿಸಿದ.

"ಯಾವಾಗಿಂದ?"

"ಮೊದಲ ದಿನದಿಂದ."

"ಹೇಳ್ಬಹುದಿತ್ತಲ್ಲ..."

"ಹಾಗೆ ನಿಲ್ಲೋದಕ್ಕೆ ಹೆದರಿಕೆ ಅಂದಿದ್ರಿ. ನಿಲ್ಲದ ಹಾಗೆ ನೋಡ್ಕೊಂಡೆ. ನಿಮ್ಮ ಮರೆವನ್ನ ನಿಮಗೇ ಕಾಣದ ಹಾಗೆ ಮುಚ್ಚಿಟ್ಟೆ. ಆಗಲೇ ಡಾಕ್ಟರ ಹತ್ರ ಹೋಗಿದ್ರೆ..." ಅವಳು ಕಣ್ಣೊರೆಸಿಕೊಂಡಳು. "ನಿಮ್ಮ ಮೇಲಿನ ಪ್ರೀತಿಗೆ ಮಾಡಿದ ತಪ್ಪು ಸರ್ ಅದು."

ಪ್ರೀತಿ ಎಂಬ ಮಾತು ಹೊರಬಿದ್ದೇ ಬಿಟ್ಟಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡರು.

ಅಷ್ಟರಲ್ಲಿ ಕಂಪನಿಯ ಮ್ಯಾನೇಜರ್ ಓಡಿಬಂದ. "ಏನಾಯ್ತು? ಯಾಕೆ ನಿಲ್ಸಿದ್ರಿ?"

ದೊರೆ ಎದ್ದು ಕೋಟು ಸರಿಪಡಿಸಿಕೊಂಡ. "ವೇದಿಕೆ ಮೇಲೆ ಒಂದು ಕುರ್ಚಿ ಹಾಕ್ಸಿ. ಇವರಿಗೆ. ಎಲ್ಲರಿಗೂ ಕಾಣೋ ಕಡೆ."

"ಯಾಕೆ?"

"ನನಗೆ ಮರೆಯುತ್ತೆ. ಅದಕ್ಕೆ."

ಮ್ಯಾನೇಜರ್ ಬಾಯಿ ಬಿಟ್ಟುಕೊಂಡು ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ, ಕುರ್ಚಿ ತರಿಸಲು ಹೋದ.

"ಇವತ್ತು ಹಾಡಿ ಮುಗಿಸ್ತೀನಿ. ನಾಳೆನೇ ಅಕ್ಕನ ಜೊತೆ ಡಾಕ್ಟರ ಹತ್ರ ಹೋಗ್ತೀನಿ. ಅವರು ಏನು ಹೇಳ್ತಾರೋ ಗೊತ್ತಿಲ್ಲ." ಅವನು ಅವಳ ಮುಂದೆ ಬಂದು ನಿಂತ. "ಇನ್ನೊಂದು ಮಾತಿದೆ..."

ನಿಂತುಬಿಟ್ಟ.

ಮತ್ತೆ ಅದೇ ಮೌನ! ಪಿಸು ಒಂದು ಹೆಜ್ಜೆ ಹತ್ತಿರ ಬಂದಳು.

"ಪದ... ಬೇಕಾ?"

"ಬೇಡ," ಎಂದ ಅವನು, ತೇವಗೊಂಡ ಕಣ್ಣಿನಲ್ಲೇ ನಗುತ್ತಾ. "ಇದೊಂದಕ್ಕೆ ನನಗೆ ಪ್ರಾಂಪ್ಟರ್ ಬೇಡ."

ಅವನು ಉಸಿರೆಳೆದುಕೊಂಡ. ಅವಳು ರೂಢಿಯಂತೆ ತುಟಿ ನೋಡಿದಳು. ತುಟಿ ಆಗಲೇ ದುಂಡಗಾಗಿ ಪದಕ್ಕೆ ಸಿದ್ಧವಾಗಿತ್ತು. ಅವನು ಹೇಳುವ ಮೊದಲೇ ಅವಳಿಗೆ ಗೊತ್ತಾಯಿತು.

"ಹೋಗಬೇಡ."

"ಹೋಗಲ್ಲ."

"ನಾಳೆ ಮರೆತು ಮತ್ತೆ ಇದನ್ನೇ ಕೇಳಿದ್ರೆ?"

ಅವಳು ಅವನ ಕೈ ಹಿಡಿದುಕೊಂಡಳು.

"ಮತ್ತೆ ಇದನ್ನೇ ಹೇಳ್ತೀನಿ."