ಎಡಕ್ಕೆ ವಾಲಿದ ಅಲೆ

ಸೋಲ್ವಾಯ್ ಚಾಚಿದ ಕೈಯನ್ನು ಅವನು ಹಿಡಿಯಲಿಲ್ಲ.

ಬಾಗಿಲಿಗೆ ಅಡ್ಡ ನಿಂತಿದ್ದ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಬಂದರಿನ ಕಡೆಯಿಂದ ಫೆಬ್ರವರಿಯ ಗಾಳಿ ಚರ್ಮ ಸುಲಿಯುವಂತೆ ಬೀಸುತ್ತಿತ್ತು. ಡೆನ್ಮಾರ್ಕಿನ ಆ ಸಣ್ಣ ಊರಿನಲ್ಲಿ ಗುರುತಿಲ್ಲದವರೂ ಮೊದಲು ಕೈ ಕುಲುಕುತ್ತಾರೆ, ಆಮೇಲೆ ಬೇಕಾದರೆ ಜಗಳವಾಡುತ್ತಾರೆ. ಅವಳ ಕೈ ಸ್ವಲ್ಪ ಹೊತ್ತು ಹಾಗೇ ನಿಂತು, ತಾನಾಗಿ ಕೆಳಗಿಳಿಯಿತು.

ಬೇರೆ ಹೆಂಗಸಾಗಿದ್ದರೆ ಮುಖ ಕೆಂಪಾಗುತ್ತಿತ್ತು. ಸೋಲ್ವಾಯ್‌ಗೆ ಏನೂ ಆಗಲಿಲ್ಲ. ಮೂರು ವರ್ಷದಿಂದ ಅವಳಿಗೆ ಏನೂ ಆಗುತ್ತಿರಲಿಲ್ಲ.

"ಕ್ಯಾಮೆರಾ ನೋಡೋಕೆ ಬಂದೆ," ಎಂದಳು.

ಅವನ ಹೆಸರು ಅಸ್ಗರ್. ಐವತ್ತರ ಆಸುಪಾಸು. ಮೊದಲು ಮೀನು ಹಿಡಿಯುವ ದೋಣಿಯಲ್ಲಿದ್ದವನು. ಅವನು ಅವಳ ಮುಖ ನೋಡಲಿಲ್ಲ. ಅವಳ ಎಡಗೈಯಲ್ಲಿದ್ದ ಉಣ್ಣೆಯ ಕೈಗವಸುಗಳನ್ನೇ ನೋಡುತ್ತಿದ್ದ. ಬೂದಿ ಬಣ್ಣದ ಮೇಲೆ ನೀಲಿ ಅಲೆಗಳು, ಎಲ್ಲವೂ ಬಲಕ್ಕೆ ವಾಲಿದಂಥವು.

"ಇದನ್ನ ಯಾರು ಹೆಣೆದದ್ದು?"

"ಮನೇಲೇ ಹೆಣೆದದ್ದು."

"ಅಲೆ ಉಲ್ಟಾ ವಾಲಿದೆ."

ಎಂಥ ಮನುಷ್ಯ ನೋಡಿ! ಮನೆಗೆ ಬಂದವಳಿಗೆ ಕೈ ಕೊಡಲಿಲ್ಲ, ಕಾಫಿ ಕುಡೀತೀರಾ ಎನ್ನಲಿಲ್ಲ, ಮೇಲಿಂದ ಕೈಗವಸಿನಲ್ಲಿ ತಪ್ಪು ಹುಡುಕಿದ. ಆ ಅಲೆ ಅವಳ ತಾಯಿ ತಲೆಯಿಂದಲೇ ಹುಟ್ಟಿಸಿದ್ದು, ಯಾವ ಪುಸ್ತಕದಲ್ಲೂ ಇಲ್ಲದ್ದು. ತಾಯಿಯನ್ನು ಅಂದರೆ ಯಾರಿಗಾದರೂ ರೇಗಬೇಕು.

ಇರಬಹುದು... ಎಂದುಕೊಂಡಳು ಸೋಲ್ವಾಯ್. ಅಷ್ಟೇ.

ಒಳಗೆ ಅವನು ಎಡಗೈಯೊಂದರಲ್ಲೇ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟು, ಎಡಗೈಯಲ್ಲೇ ಎಲ್ಲ ತೋರಿಸಿದ. ಬಲಗೈ ಜೇಬಿನಿಂದ ಈಚೆಗೆ ಬರಲೇ ಇಲ್ಲ. ಇಷ್ಟು ಒಳ್ಳೆಯದನ್ನು ಯಾಕೆ ಮಾರುತ್ತೀರಿ ಎಂದು ಕೇಳಿದಳು.

"ಗುಂಡಿ ತಪ್ಪು ಕಡೆ ಇದೆ."

ಅವಳು ಬಗ್ಗಿ ನೋಡಿದಳು. ಗುಂಡಿ ಬಲಗಡೆ ಇತ್ತು, ಎಲ್ಲ ಕ್ಯಾಮೆರಾಗಳಲ್ಲೂ ಇರುವ ಹಾಗೆ. ಇವನ ತಲೆ ನೆಟ್ಟಗಿಲ್ಲ ಎಂದುಕೊಂಡು, ಫೋನಿನಲ್ಲೇ ಹಣ ಕಳಿಸಿ ಹೊರಟುಬಂದಳು.

ಅವಳ ಗಂಡ ಪ್ರೆಬೆನ್ ತೀರಿಕೊಂಡು ಮೂರು ವರ್ಷವಾಗಿತ್ತು. ಒಂದು ಮಂಗಳವಾರ ಅಂಗಡಿಯ ಸಾಲಿನಲ್ಲಿ ನಿಂತವನು ಹಾಗೇ ಕುಸಿದ. ಮಣ್ಣು ಮಾಡಿ ಬಂದು ಜನ ಕಾಫಿ ಕುಡಿಯುವಾಗ ಸೋಲ್ವಾಯ್ ಅಳಲಿಲ್ಲ. ರೈ ಬ್ರೆಡ್ಡಿನ ಮೇಲೆ ಉಪ್ಪುಮೀನು ಇಟ್ಟುಕೊಂಡು ತಿಂದಳು, ಆಮೇಲೆ ಎಲ್ಲರ ಕಪ್ಪು ತೊಳೆದಳು. ಎಂಥ ಕಲ್ಲುಹೃದಯ ಎಂದರು ಜನ. ಅನ್ನುವವರ ಬಾಯಿಗೇನು!

ಪಕ್ಕದ ಮನೆಯ ಟೋವ ಮಾತ್ರ ಮುಖದ ಮೇಲೇ ಹೇಳಿದಳು. "ಸತ್ತದ್ದು ಪ್ರೆಬೆನ್ ಕಣೇ, ನೀನಲ್ಲ."

ಹೌದಾ, ಎಂದಿದ್ದಳು ಸೋಲ್ವಾಯ್.

ಆ ಚಳಿಗಾಲದಲ್ಲೇ ಹೆಣಿಗೆಯ ವಿಡಿಯೋ ಮಾಡತೊಡಗಿದಳು. ಅಡುಗೆಮನೆಯ ದೀಪಕ್ಕೆ ಮಿಕ್ಕ ಉಣ್ಣೆಯಿಂದ ಹಳೇ ಫೋನು ಕಟ್ಟುತ್ತಿದ್ದಳು. ಫೋನಿನ ಪರದೆ ಕೆಳಮುಖ. ತಲೆ ಎತ್ತಿದರೆ ತನ್ನ ಕೈಗಳು ಚೌಕಟ್ಟಿನೊಳಗಿವೆಯೇ ಎಂದು ಕಾಣುತ್ತಿತ್ತು. ಮುಖವಿಲ್ಲ, ಮಾತಿಲ್ಲ, ಎರಡು ಕೈ, ಎರಡು ಕಡ್ಡಿ. ಮೂರು ವರ್ಷದಲ್ಲಿ ನೋಡುವವರು ನಲವತ್ತೊಂದು ಜನ ಆಗಿದ್ದರು. ಬಂದವರು ಬಹಳ ಜನ, ಉಳಿದವರು ಅಷ್ಟೇ.

ಅವರಲ್ಲೊಬ್ಬ 'ಪಡುವಣ ಗಾಳಿ' ಎಂದು ಹೆಸರಿಟ್ಟುಕೊಂಡಿದ್ದ. ಪ್ರತಿ ಭಾನುವಾರ ಒಂದೇ ಸಾಲು ಬರೆಯುತ್ತಿದ್ದ. "ಈ ವಾರವೂ ಕಲಿತೆ. ನಿಮ್ಮ ಕೈಗಳಿಗೆ ವಂದನೆ."

ಒಮ್ಮೆ ಆ ಸಾಲು ಸೋಮವಾರ ಬಂತು. ಆ ಭಾನುವಾರ ಅವಳು ಒಲೆಯನ್ನೇ ಹಚ್ಚಿರಲಿಲ್ಲ. ತಾನು ಆ ಸಾಲಿಗೆ ಕಾಯುತ್ತಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ, ಟೋವಳಿಗೆ ಗೊತ್ತಾಯಿತು.

ಜನವರಿಯಲ್ಲಿ ಅವನು ಇನ್ನೊಂದು ಸಾಲು ಸೇರಿಸಿದ್ದ. "ಕುಣಿಕೆ ಮಸುಕಾಗಿ ಕಾಣುತ್ತದೆ. ನನ್ನ ಕಣ್ಣಿನ ದೋಷವೂ ಇರಬಹುದು."

ಅದಕ್ಕೇ ಈ ಕ್ಯಾಮೆರಾ.

"ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಗಾಳಿಗೋಸ್ಕರ ಕ್ಯಾಮೆರಾನಾ?" ಎಂದು ಟೋವ ನಕ್ಕಳು. "ಪರವಾಗಿಲ್ಲ, ಬೂದಿಯೊಳಗೆ ಎಲ್ಲೋ ಕೆಂಡ ಇದೆ."

ಸೋಲ್ವಾಯ್ ಹೆಗಲ ಹಿಂದೆ ಉದ್ದನೆಯ ಕೈಯಿರುವ ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ಸಿಕ್ಕಿಸಿ, ಸ್ವೆಟರಿನ ಕತ್ತಿನ ಹೆಣಿಗೆ ತೋರಿಸಿದಳು. ಉಣ್ಣೆಯ ಒಂದೊಂದು ಎಳೆಯೂ ಎದ್ದು ಕಾಣುತ್ತಿತ್ತು. ಅವನಿಗೆ ಸಂತೋಷವಾಗಬಹುದೇ... ಎಂಬ ಯೋಚನೆ ಬಂದು ಹೋಯಿತು.

ಭಾನುವಾರ ಉತ್ತರ ಬಂತು.

"ಇವು ಆ ಕೈಗಳಲ್ಲ. ಆ ಹೆಂಗಸು ಎಲ್ಲಿ? ಅವರಿಗೇನೂ ಆಗಿಲ್ಲ ತಾನೇ? ಬೇರೆಯವರ ಕೈಯಿಂದ ನಾನು ಕಲಿಯಲಾರೆ. ಕ್ಷಮಿಸಿ."

ನಲವತ್ತೊಂದು ಇದ್ದದ್ದು ನಲವತ್ತಾಯಿತು.

ಸೋಲ್ವಾಯ್ ತನ್ನ ಕೈಗಳನ್ನು ಮೇಜಿನ ಮೇಲಿಟ್ಟು ನೋಡಿದಳು. ತಿರುಗಿಸಿ ನೋಡಿದಳು. ಅವೇ ಕೈಗಳು, ಬಲಗೈ ಹೆಬ್ಬೆರಳ ಹತ್ತಿರ ಅದೇ ಹಳೇ ಸುಟ್ಟ ಕಲೆ. ಮೂರು ವರ್ಷ ಅವನಿಗೆ ಕಲಿಸಿದ ಕೈಗಳು!

ಹೊಟ್ಟೆಯೊಳಗೆ ಏನೋ ಬಿಸಿಯಾಯಿತು. ಇದೇನೆಂದು ಅವಳಿಗೆ ಕೂಡಲೇ ತಿಳಿಯಲಿಲ್ಲ, ಅಷ್ಟು ಮರೆತುಹೋಗಿತ್ತು. ಅದು ಸಿಟ್ಟು.

ಆ ಹಾಳು ಕ್ಯಾಮೆರಾ ಬಂದ ಮೇಲೇ ಹೀಗಾದದ್ದು. ಅದನ್ನು ಚೀಲಕ್ಕೆ ತುರುಕಿಕೊಂಡು, ಕೋಟಿನ ಗುಂಡಿಯನ್ನೂ ಹಾಕದೆ ಬಂದರಿನ ದಾರಿ ಹಿಡಿದಳು.

ಅಸ್ಗರ್ ಬಾಗಿಲು ತೆಗೆದ. ಅವನು ಬಾಯಿ ಬಿಡುವ ಮೊದಲೇ ಅವಳು ಒಳಗೆ ನುಗ್ಗಿ, ಇದನ್ನು ವಾಪಸು ತೆಗೆದುಕೊಳ್ಳಿ, ಇದರಿಂದ ನನಗಿದ್ದ ಒಂದೇ ಒಂದು ಜೀವ ದೂರವಾಯಿತು ಎಂದು ಕೂಗಿದಳು. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ನೆನಪಿರಲಿಲ್ಲ. ಕ್ಯಾಮೆರಾ ಇಡಲು ಅಡುಗೆಮನೆಯ ಮೇಜಿನ ಕಡೆ ತಿರುಗಿದಳು.

ಮೇಜಿನ ಮೇಲೆ ಅರ್ಧ ಹೆಣೆದ ಸ್ವೆಟರ್ ಇತ್ತು. ಬೂದಿ ಬಣ್ಣ, ನೀಲಿ ಅಲೆ. ಎಲ್ಲ ಅಲೆಗಳೂ ಎಡಕ್ಕೆ ವಾಲಿದ್ದವು.

"ಇದು ನನ್ನಮ್ಮನ ಅಲೆ," ಎಂದಳು ಸೋಲ್ವಾಯ್.

ಪಕ್ಕದಲ್ಲೇ ಅವನ ಫೋನು. ಪರದೆಯ ಮೇಲೆ ಅರ್ಧಕ್ಕೆ ನಿಲ್ಲಿಸಿದ ಅವಳ ಹಳೇ ವಿಡಿಯೋ. ಅವಳ ಅಡುಗೆಮನೆ, ಅವಳ ಕೈ. ಹೆಬ್ಬೆರಳ ಹತ್ತಿರದ ಸುಟ್ಟ ಕಲೆ ಮಾತ್ರ ಎಡಗೈಯಲ್ಲಿತ್ತು. ನಿಜವಾದ ಕಲೆ ಅವಳ ಬಲಗೈಯಲ್ಲಿ.

ಅವಳು ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. 'ಪಡುವಣ ಗಾಳಿ' ಇವನೇ.

ಕೆಳಮುಖ ಕಟ್ಟಿದ ಆ ಹಳೇ ಫೋನಿನ ಸೆಲ್ಫಿ ಕ್ಯಾಮೆರಾ ಮೂರು ವರ್ಷವೂ ಕನ್ನಡಿಯಂತೆ ಎಡವನ್ನು ಬಲ ಮಾಡಿ, ಬಲವನ್ನು ಎಡ ಮಾಡಿ ತೋರಿಸಿತ್ತು. ಕನ್ನಡಿಯಲ್ಲಿ ತನ್ನನ್ನು ನೋಡಿ ಅಭ್ಯಾಸವಾದವಳಿಗೆ ಅದು ತಪ್ಪೆಂದು ಕಂಡಿರಲಿಲ್ಲ. ಇವನಿಂದ ಕೊಂಡ ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೇ ತೋರಿಸಿತು, ಅದಕ್ಕೇ ಇವನಿಗೆ ಬೇರೆ ಕೈಗಳೆನಿಸಿದವು. ಬಲಗೈಯವರೆಲ್ಲ ಬಂದು, ಉಣ್ಣೆ ಸಿಕ್ಕುಮಾಡಿಕೊಂಡು, ಬೈದುಕೊಂಡು ಹೋಗಿರಬೇಕು; ಉಳಿದವರು ಎಡಚರೇ.

ಅಸ್ಗರ್ ನಿಂತೇ ಇದ್ದ. ಆಮೇಲೆ ನಿಧಾನವಾಗಿ ಬಲಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಮೂರು ಬೆರಳು ಕಡ್ಡಿಯಂತೆ ಸೆಟೆದಿದ್ದವು, ಮಡಚುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ದೋಣಿಯಲ್ಲಿ ಬಲೆ ಎಳೆಯುವ ಯಂತ್ರಕ್ಕೆ ಕೈ ಸಿಕ್ಕಿತ್ತಂತೆ. ಹಕ್ಕಿಗಳ ಚಿತ್ರ ತೆಗೆಯುವ ಹುಚ್ಚಿತ್ತು, ಆ ಕೈ ಗುಂಡಿ ಒತ್ತಲಿಲ್ಲ. ಹೆಣಿಗೆ ಕಲಿತರೆ ಕೈ ಸಡಿಲವಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಎಡಗೈಯಲ್ಲೇ ಮುಖ್ಯ ಕೆಲಸ ಮಾಡಬೇಕಿತ್ತು, ಕಲಿಸುವವರೆಲ್ಲ ಬಲಗೈಯವರು. ಹುಡುಕಿ ಹುಡುಕಿ ಬೇಸತ್ತ ಮೇಲೆ ಒಬ್ಬ ಎಡಚಿ ಹೆಂಗಸು ಸಿಕ್ಕಳು. ಮಾತಾಡುತ್ತಿರಲಿಲ್ಲ, ಅವಸರ ಮಾಡುತ್ತಿರಲಿಲ್ಲ...

"ನಾನು ಎಡಚಿ ಅಲ್ಲ, ಅಸ್ಗರ್," ಎಂದಳು ಅವಳು. ಬಲಗೈ ಎತ್ತಿ ಸುಟ್ಟ ಕಲೆ ತೋರಿಸಿದಳು. ಫೋನು ಮಾಡಿದ ಕಿತಾಪತಿಯನ್ನು ಹೇಳಿದಳು.

ಅವನು ಫೋನು ನೋಡಿದ, ಅವಳ ಕೈ ನೋಡಿದ.

"ಹಾಗಾದ್ರೆ ಆ ಹೆಂಗಸು ಇರಲೇ ಇಲ್ಲ."

"ಇದ್ದಾಳೆ. ಎಡ ಬಲ ಅದಲು ಬದಲಾಗಿದೆ, ಅಷ್ಟೇ."

ಅವನು ಒಲೆಯ ಕಡೆ ತಿರುಗಿದ. ಕಾಫಿ ಸುರಿಯುವ ನೆಪ. "ಅವತ್ತು ನಿಮ್ಮ ಕೈಗವಸು ನೋಡಿ ಮೈ ಉರಿದುಹೋಯ್ತು. ನಾನು ಪ್ರೀತಿಸೋ ಕೈಗಳ ಕೆಲಸ ಕದ್ದು, ಯಾರೋ ಕೆಡಿಸಿಟ್ಟಿದ್ದಾರೆ ಅಂದ್ಕೊಂಡೆ."

ಪ್ರೀತಿಸೋ... ಆ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೆ ಕೇಳಿಸಿತು. ಸೆಟೆದ ಬೆರಳಿನಲ್ಲಿ ಕಪ್ಪು ವಾಲಿ ಕಾಫಿ ಚೆಲ್ಲಿತು. ಅವನು ಕೈಯನ್ನು ಜೇಬಿಗೆ ಹಾಕಲು ಹೋದ.

"ಹೊರಗೇ ಇರಲಿ," ಎಂದಳು ಸೋಲ್ವಾಯ್.

ಅವನು ಒರೆಸುತ್ತಾ, ಕಂಪ್ಯೂಟರಿನಲ್ಲಿ ಚಿತ್ರವನ್ನು ತಿರುಗಿಸಬಹುದು, ಒಂದು ಗುಂಡಿ ಒತ್ತಿದರೆ ಎಡ ಬಲವಾಗುತ್ತದೆ, ಕ್ಯಾಮೆರಾ ವಾಪಸು ಕೊಡಬೇಡಿ ಎಂದು ಏನೇನೋ ಹೇಳಿದ.

"ತಿರುಗಿಸಬಹುದು. ನಲವತ್ತು ಜನ ಇದ್ದಾರಲ್ಲ, ಅವರಿಗೂ ಬೇಕು." ಅವಳು ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಎಳೆದು ಕೂತಳು, ಅವನ ಕುರ್ಚಿಗೆ ಎದುರಾಗಿ. "ನಿನಗೆ ಕ್ಯಾಮೆರಾ ಯಾಕೆ? ಎದುರು ಕೂತರೆ ನನ್ನ ಬಲಗೈ ನಿನ್ನ ಎಡಗೈಗೆ ಸರಿಯಾಗುತ್ತೆ. ಕೂತ್ಕೋ."

ಅವನು ಕೂತ. ಅವಳು ಹೆಣೆದಳು, ಅವನು ನೋಡಿ ಹೆಣೆದ. ಅವಳ ಬಲಗೈ, ಅವನ ಎಡಗೈ. ಹತ್ತು ಕುಣಿಕೆ ದಾಟಿರಬೇಕು, ಅವನು ತಡವರಿಸಿದ.

"ಫೋನಿನಲ್ಲಾದ್ರೆ ಅರ್ಧಕ್ಕೆ ನಿಲ್ಲಿಸಬಹುದಿತ್ತು," ಎಂದ.

"ನನ್ನನ್ನೂ ನಿಲ್ಲಿಸು."

ಅವನು ಕಡ್ಡಿ ಕೆಳಗಿಟ್ಟು, ಮಡಚದ ಆ ಕೈಯನ್ನು ಅವಳ ಕೈ ಮೇಲಿಟ್ಟ. ಮೂರು ವರ್ಷದಲ್ಲಿ ಅವಳಿಗೆ ಮೊದಲ ಬಾರಿ ಬಿಸಿ ಬಿಸಿಯಾಗಿಯೇ ತಾಕಿತು. ಕಣ್ಣಿನಿಂದ ಏನೋ ಜಾರಿ ಉಣ್ಣೆಯ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ.

"ನಿಲ್ಲಿಸಿದೆ," ಎಂದ ಅವನು. "ಮುಂದಕ್ಕೆ ಹೋಗೋಣವಾ?"

"ಈಗಲೇ ಬೇಡ... ಸ್ವಲ್ಪ ಹೊತ್ತು ಹೀಗೇ ನಿಂತಿರಲಿ."