ಜಪಾನಿನಿಂದ ಬರಬೇಕಿದ್ದ ಗಾಡಿ

2025ರ ಸೆಪ್ಟೆಂಬರ್ 9, ಮಂಗಳವಾರ. ಬೆಳಿಗ್ಗೆ 10.40ಕ್ಕೆ ಶಹಾಪುರ ಠಾಣೆಗೆ ಬಂದ ಕುಬ್ರಾಬೇಗಂ, ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆದು ಪಿಎಸ್‌ಐ ಚಂದ್ರಕಲಾ ಅವರ ಮೇಜಿನ ಮೇಲಿಟ್ಟರು. ವಯಸ್ಸು ಐವತ್ತೆರಡು, ಹೊಲಿಗೆ ಕೆಲಸ, ಗಂಡ ನಬಿಸಾಬ ತೀರಿಕೊಂಡು ಮೂರು ವರ್ಷ. ಟೋಪಿ ಹಾಕಿಸಿಕೊಂಡವರ ಗೋಳು ಕೇಳಿ ಕೇಳಿ ಬೇಸತ್ತಿದ್ದ ಚಂದ್ರಕಲಾಗೆ ಇದೂ ಅಂಥದ್ದೇ ಒಂದು ಎನ್ನಿಸಿತು.

“ಯಾರು ಮೋಸ ಮಾಡ್ಯಾರ?”

“ಮುಸ್ತಫಾ ಅಂತ್ರಿ. ಸುರಪುರದಾಗ ಗ್ಯಾರೇಜ್ ಐತಿ. ಶಾರ್ಜಾದಾಗ ಏಳು ವರ್ಷ ಇದ್ದು ಬಂದಾನ. ಜಪಾನದಿಂದ ಹಳೇ ಗಾಡಿ ತರಿಸಿ ಕೊಡ್ತೀನಿ ಅಂತ ರೊಕ್ಕ ತಗೊಂಡಾನ್ರಿ.”

“ಊರಾಗ ಗಾಡಿ ಇರಲಿಲ್ಲೇನು? ಜಪಾನದ್ದ ಯಾಕ ಬೇಕಾಗಿತ್ತು?” ಮಾತು ತುಸು ಒರಟಾಗಿಯೇ ಬಂತು.

“ನನಗಲ್ರಿ ಮೇಡಂ. ಮಗಳಿಗೆ.”

ಮಗಳು ರುಕ್ಸಾನಾಗೆ ಹತ್ತೊಂಬತ್ತು. ಹುಟ್ಟಿನಿಂದ ಕಾಲಲ್ಲಿ ಬಲವಿಲ್ಲ, ಬೆನ್ನು ನೆಟ್ಟಗೆ ನಿಲ್ಲದು. ಅವಳ ಗಾಲಿಕುರ್ಚಿ ಮಡಚಲು ಬರುವಂಥದ್ದಲ್ಲ. ಆಟೊದವರು ಅದನ್ನು ಕಂಡರೆ ನಿಲ್ಲಿಸುವುದೇ ಇಲ್ಲ. ಇಷ್ಟು ವರ್ಷ ತಾಯಿಯೇ ಎತ್ತಿಕೊಂಡು ಶಾಲೆಗೆ ಮುಟ್ಟಿಸಿದ್ದರು. ಈಗ ಅವರ ಸೊಂಟವೇ ಕೈಕೊಟ್ಟಿದೆ. ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಹುಡುಗಿಗೆ ಸೀಟು ಸಿಕ್ಕಿತ್ತು. ಜಪಾನಿನ ಕೆಲವು ಗಾಡಿಗಳಿಗೆ ಹಿಂದೆ ಇಳಿಜಾರು ಹಲಗೆ ಇರುತ್ತದೆ, ಕುರ್ಚಿಯ ಸಮೇತ ಹತ್ತಿ ಕೂರಬಹುದು ಎಂದು ಮುಸ್ತಫಾ ಮೊಬೈಲಿನಲ್ಲಿ ಫೋಟೊ ತೋರಿಸಿದ್ದ.

“ಸೋಮವಾರ ಕಾಲೇಜ್ ಚಾಲೂ ರೀ. ಹೋಗ್ಲಿಲ್ಲಂದ್ರ ಸೀಟ್ ಬ್ಯಾರೇದವ್ರಿಗೆ ಕೊಡ್ತಾರಂತ. ನಾಲ್ಕು ದಿನ ಆತು, ಗ್ಯಾರೇಜಿಗೆ ಬೀಗ ಐತಿ, ಅವ ಫೋನ್ ಎತ್ತವಲ್ಲ.”

ಚಂದ್ರಕಲಾ ಮತ್ತೆ ಒರಟಾಗಿ ಮಾತಾಡಲಿಲ್ಲ. ವಂಚನೆಯ ಕಲಮಿನಡಿ 11.30ಕ್ಕೆ ಎಫ್‌ಐಆರ್ ದಾಖಲಾಯಿತು. ಕಾಗದಗಳ ನಡುವೆ ಮುಸ್ತಫಾ ಕೊಟ್ಟಿದ್ದ ಕಸ್ಟಮ್ಸ್ ರಸೀದಿಯಿತ್ತು, ಅದರ ಸಂಖ್ಯೆಯನ್ನು ಮುಂಬೈ ಕಸ್ಟಮ್ಸ್ ಕಚೇರಿಗೆ ಕಳಿಸಿದರು. ಅಂಥ ದಾಖಲೆಯೇ ಇಲ್ಲವೆಂದು ಸಂಜೆಯೊಳಗೆ ಉತ್ತರ ಬಂತು, ನಕಲಿ ದಾಖಲೆಯ ಕಲಮೂ ಸೇರಿತು.

ಹೆಡ್ ಕಾನ್‌ಸ್ಟೆಬಲ್ ಭಾಗಣ್ಣನ ಕಣ್ಣು ಮಾತ್ರ ಇನ್ನೊಂದು ಚೀಟಿಯ ಮೇಲಿತ್ತು. ಅದು ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್. ಗಾಡಿಯ ಕಬ್ಬಿಣದಲ್ಲಿ ಕೊರೆದ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಅಚ್ಚು ಅದು. ಆರ್‌ಟಿಒ ಕಚೇರಿಗೆ ಅದಿಲ್ಲದೆ ಯಾವ ಗಾಡಿಯೂ ಗಾಡಿಯಲ್ಲ. ಗಾಡಿ ಮುಂಬೈಗೆ ಬಂದಿದೆ ಎಂಬುದಕ್ಕೆ ಸಾಕ್ಷಿಯಾಗಿ ಮುಸ್ತಫಾ ಅದನ್ನು ಕೊಟ್ಟಿದ್ದ.

“ಮೇಡಂ, ಇದು ಜಪಾನದ್ದಲ್ರಿ.”

“ಹ್ಯಾಂಗ ಹೇಳ್ತೀರಿ?”

“ಎಂ, ಎ ಅಂತ ಶುರು ಆಗೇತಿ ನೋಡ್ರಿ. ಅಂದ್ರ ನಮ್ಮ ದೇಶದ ಫ್ಯಾಕ್ಟರಿದು. ಮತ್ತ ಹದಿನೇಳು ಅಕ್ಷರ ಐತಿ. ಜಪಾನದವ್ರು ತಮ್ಮ ಊರಾಗ ಓಡ್ಸೋ ಗಾಡಿಗೆ ಇಷ್ಟುದ್ದ ನಂಬರ್ ಹಾಕಂಗಿಲ್ಲ. ಚೆಕ್‌ಪೋಸ್ಟ್ ಡ್ಯೂಟಿ ಐದು ವರ್ಷ ಮಾಡೇನ್ರಿ, ಅಷ್ಟ ಗೊತ್ತು.”

ಯಾದಗಿರಿ ಆರ್‌ಟಿಒ ಕಚೇರಿಯಿಂದ ಅಂದೇ ಮಧ್ಯಾಹ್ನ 3.15ಕ್ಕೆ ಮಾಹಿತಿ ಬಂದಿತ್ತು. ಆ ನಂಬರು 2012ರ ಒಂದು ಶಾಲಾ ವ್ಯಾನಿನದು. ಮಾಲೀಕ ಸುರಪುರದ ಯಂಕಣ್ಣ.

10ನೇ ತಾರೀಖು ಬೆಳಿಗ್ಗೆ 9.20ಕ್ಕೆ ಯಂಕಣ್ಣ ತನ್ನ ಮನೆಯ ಕಟ್ಟೆಯ ಮೇಲೆ ಸಿಕ್ಕ.

“ವ್ಯಾನ್ ಎಲ್ಲೈತಿ?”

“ಏಪ್ರಿಲ್‌ದಾಗ ಮುಸ್ತಫಾಗ ಮಾರಿದ್ನಿರಿ. ಕಾಗದ ಇನ್ನೂ ನನ್ನ ಹೆಸರ್ಲೇ ಅದಾವ.”

“ಅವ ಎಲ್ಲದಾನ?”

“ತಿಂಥಣಿ ರಸ್ತೆದಾಗ ಶೆಡ್ ಹಾಕ್ಯಾನ್ರಿ. ಹಗಲೆಲ್ಲ ಬಾಗಲಾ ಹಾಕ್ಕೊಂಡು ವೆಲ್ಡಿಂಗ್ ಮಾಡ್ತಾನ. ಏನ್ ಮಾಡ್ತಾನೋ, ಆ ದೇವರಿಗೇ ಗೊತ್ತು.”

ಶೆಡ್ಡಿನ ಬಾಗಿಲು ಬಡಿದಾಗ 10.05. ಒಳಗೆ ಗ್ರೈಂಡರ್ ಸದ್ದು ನಿಂತಿತು. ಬಾಗಿಲು ತೆರೆದ ಮುಸ್ತಫಾ ಪೊಲೀಸರನ್ನು ಕಂಡು ಓಡಲಿಲ್ಲ. ಕೈಗಂಟಿದ್ದ ಮಸಿ ಒರೆಸಿಕೊಂಡು ಪಕ್ಕಕ್ಕೆ ಸರಿದು ನಿಂತ. ನಡುವೆ ಬಿಳಿ ಬಣ್ಣ ಬಳಿದ ವ್ಯಾನು. ಹಿಂಬದಿ ಕತ್ತರಿಸಿ ಅಗಲ ಮಾಡಿದ ಬಾಗಿಲು, ತಗ್ಗಿಸಿದ ತಳ, ಮಡಚಿ ನಿಲ್ಲಿಸಿದ ಕಬ್ಬಿಣದ ಹಲಗೆ. ಗಾಜಿನ ಮೇಲೆ ಜಪಾನಿ ಅಕ್ಷರಗಳ ಸ್ಟಿಕ್ಕರು.

“ಇದು ಜಪಾನದಿಂದ ಬಂದದ್ದೇನು?” ಚಂದ್ರಕಲಾ ಕೇಳಿದರು.

“ಇಲ್ರಿ. ಸುರಪುರದ್ದು.”

“ರೊಕ್ಕ ಎಲ್ಲಿ ಹೋತು?”

“ಮುಂಬೈ ಏಜೆಂಟಿಗೆ ಅರ್ಧ ಕೊಟ್ಟೆ. ಆಮ್ಯಾಲ ಹೇಳಿದ, ಮೂರು ವರ್ಷಕ್ಕಿಂತ ಹಳೇದು ದೇಶದಾಗ ಬಿಡಂಗಿಲ್ಲ, ಗಾಡಿ ರೇಟಿಗಿಂತ ಟ್ಯಾಕ್ಸ್ ಹೆಚ್ಚು ಅಂತ. ಕೊಟ್ಟದ್ದು ವಾಪಸ್ ಬರಲಿಲ್ಲ. ಉಳಿದದ್ದು ಇದಕ್ಕ ಹಾಕೇನಿ.”

“ಅವತ್ತೇ ಹೋಗಿ ಕುಬ್ರಾಬೇಗಂಗ ಹೇಳಬೇಕಿತ್ತು.”

“ಹೇಳಾಕಂತ ಹೋದ್ನಿರಿ. ಅಷ್ಟರಾಗ ಹುಡುಗಿ ಗಾಡಿ ಬರ್ತೈತಂತ ಕಾಲೇಜಿಗೆ ಅರ್ಜಿ ಹಾಕಿದ್ಳು. ಕುಬ್ರಾ ಖಾಲಾ ನನ್ನ ಕೈಯಾಗ ಮಿಠಾಯಿ ಇಟ್ರು. ಹೇಳಲಾರದ ತಿರುಗಿ ಬಂದೆ. ಗಾಡಿ ಮುಗಿಯೋತನ ಫೋನ್ ಎತ್ತಬಾರದಂತ ಮಾಡಿದ್ದೆ.”

“ನಾನ ಮಾಡಿ ಕೊಡ್ತೀನಿ ಅಂದಿದ್ರ ಆಗ್ತಿತ್ತಲ್ಲ?”

ಮುಸ್ತಫಾ ಮೊದಲ ಸಲ ತಲೆ ಎತ್ತಿದ. “ಅಂದಿದ್ನಿರಿ. ಮೊದಲು ಅದನ್ನ ಅಂದಿದ್ದೆ. ‘ನಿನ್ನ ತಗಡಿನ ಡಬ್ಬಿದಾಗ ನನ್ನ ಮಗಳನ್ನ ಕುಂದರಸ್ಲೇನು?’ ಅಂದ್ರು. ಜಪಾನ್ ಅಂದ ಮ್ಯಾಲ ನಂಬಿದ್ರು.”

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಎಲ್ಲ ಊರಿನ ಜಾಯಮಾನ. ಆದರೆ ಚಂದ್ರಕಲಾಗೆ ಇನ್ನೊಂದು ಪ್ರಶ್ನೆ ಉಳಿದಿತ್ತು.

“ಕಸ್ಟಮ್ಸ್ ಕಾಗದ ಸುಳ್ಳು ಮಾಡಿದಿ. ಚಾಸಿ ನಂಬರ್ ಯಾಕ ಖರೇದು ಕೊಟ್ಟಿ? ಅದರಿಂದಲೇ ಸಿಕ್ಕಿಬಿದ್ದಿ.”

“ಚಾಸಿ ನಂಬರ್ ತಿದ್ದಾಂವ ಗಾಡಿ ಕಳ್ಳ ರೀ. ನಾ ಮಿಸ್ತ್ರಿ.”

ಚಂದ್ರಕಲಾಗೆ ನಗು ಬಂತು.

ಗಾಡಿಯನ್ನು ಗುರುತಿಸಲೆಂದು ತಾಯಿ-ಮಗಳನ್ನು ಕರೆಸಿದರು. ರುಕ್ಸಾನಾಳನ್ನು ಕುರ್ಚಿಯ ಸಮೇತ ನಾಲ್ವರು ಕೂಡಿ ಗೂಡ್ಸ್ ಆಟೊದಲ್ಲಿಟ್ಟು ತಂದಿದ್ದರು. 12.30ಕ್ಕೆ ಇಬ್ಬರು ಪಂಚರೆದುರು ಪಂಚನಾಮೆ ಶುರುವಾಯಿತು. ಹಲಗೆ ಕೆಲಸ ಮಾಡುತ್ತದೋ ಇಲ್ಲವೋ ಬರೆಯಬೇಕಲ್ಲ ಎಂದರು ಚಂದ್ರಕಲಾ. ಹಾಗೆ ಬರೆಯಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲವೆಂದು ಭಾಗಣ್ಣನಿಗೆ ಗೊತ್ತಿತ್ತು, ಆದರೂ ಆತ ಹಲಗೆಯ ಕೊಂಡಿ ಬಿಚ್ಚಿದ.

ಹಲಗೆ ಇಳಿಯಿತು. ಭಾಗಣ್ಣ ಕುರ್ಚಿ ಹಿಡಿಯಲು ಹೋದ.

“ಯಾರೂ ಮುಟ್ಟಬ್ಯಾಡ್ರಿ,” ಎಂದಳು ರುಕ್ಸಾನಾ. ತಾನೇ ಗಾಲಿ ತಿರುಗಿಸುತ್ತ ಮೇಲೆ ಹತ್ತಿದಳು. ಒಳಗೆ ಹೋಗಿ ಕುರ್ಚಿ ತಿರುಗಿಸಿ ಎಲ್ಲರಿಗೆ ಎದುರಾಗಿ ಕುಳಿತಳು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಎತ್ತದೆ ಅವಳು ಒಂದು ಗಾಡಿಯೊಳಗೆ ಹೋದದ್ದು ಅದೇ ಮೊದಲು.

“ಗಾಲಿ ಜಾರಿತೇನು?” ಕೇಳಿದ ಮುಸ್ತಫಾ.

“ಇಲ್ಲ ಭಾಯಿ.”

ಕುಬ್ರಾಬೇಗಂ ಚಂದ್ರಕಲಾ ಅವರ ಕೈ ಹಿಡಿದರು. “ಕೇಸ್ ಬ್ಯಾಡ್ರಿ ಮೇಡಂ. ಈ ಗಾಡಿನ ಕೊಟ್ಟುಬಿಡ್ರಿ.”

“ಸರ್ಕಾರದ ಕಾಗದ ನಕಲಿ ಮಾಡ್ಯಾನಮ್ಮಾ. ಇನ್ನ ಕೇಸ್ ನಿಮ್ಮ ಕೈಯಾಗಿಲ್ಲ, ನನ್ನ ಕೈಯಾಗೂ ಇಲ್ಲ. ಗಾಡಿ ಕೋರ್ಟ್ ಬಿಡಬೇಕು. ಸೋಮವಾರದೊಳಗ ಆಗಂಗಿಲ್ಲ.”

ಅಂಗವಿಕಲರಿಗಾಗಿ ಗಾಡಿ ಬದಲಿಸುತ್ತೇನೆಂದು ಮೊದಲೇ ಒಂದು ಅರ್ಜಿ ಕೊಟ್ಟಿದ್ದರೆ ಆರ್‌ಟಿಒ ಪರವಾನಗಿಯನ್ನೇ ಕೊಡುತ್ತಿತ್ತು ಎಂದ ಭಾಗಣ್ಣ. ಮುಸ್ತಫಾ ಕೇಳಿಸಿಕೊಂಡು ನೆಲದ ಮೇಲೆ ಕುಳಿತ. 3.20ಕ್ಕೆ ಅವನನ್ನು ಬಂಧಿಸಿ, ವ್ಯಾನು ಜಪ್ತಿ ಮಾಡಿದರು.

15ರಂದು, ಸೋಮವಾರ, ಕಾಲೇಜಿಗೆ ಹೋಗಲು ನಾಲ್ವರು ರುಕ್ಸಾನಾಳನ್ನು ಮತ್ತೆ ಗೂಡ್ಸ್ ಆಟೊಗೆ ಎತ್ತಿದರು. ಅವಳು ದಾರಿಯುದ್ದಕ್ಕೂ ಮುಖ ಮುಚ್ಚಿಕೊಂಡಿದ್ದಳು. ಸೀಟು ಉಳಿಯಿತು. ದಿನವೂ ಎತ್ತುವವರು ಯಾರು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಅಂದು ಮಧ್ಯಾಹ್ನ ಕುಬ್ರಾಬೇಗಂ ಹೆಚ್ಚುವರಿ ಹೇಳಿಕೆ ಕೊಡಲು ಠಾಣೆಗೆ ಬಂದರು. ಅಪರಾಧದ ಉದ್ದೇಶ ಎಂಬಲ್ಲಿ ಹಣದ ಆಸೆ ಎಂದು ಬರೆದಿದ್ದ ಚಂದ್ರಕಲಾ, ಅದನ್ನು ಹೊಡೆದು ಹಾಕಿ ಆ ಜಾಗವನ್ನು ಖಾಲಿ ಬಿಟ್ಟಿದ್ದರು.

“ಮತ್ತೇನರ ಹೇಳೋದೈತೇನಮ್ಮಾ?”

“ಐತ್ರಿ. ಅವ ತಾನ ಮಾಡಿ ಕೊಡ್ತೀನಿ ಅಂದಿದ್ದ. ನಾನ ಬ್ಯಾಡ ಅಂದೆ. ಅದನ್ನೂ ಬರಕೋರಿ.”

ಚಂದ್ರಕಲಾ ಬರೆದುಕೊಂಡು ಓದಿ ಹೇಳಿದರು. ಕುಬ್ರಾಬೇಗಂ ಸರಿ ಐತ್ರಿ ಎಂದು ಸಹಿ ಮಾಡಿದರು.