ಬರಿನೀರಿನ ಬಟ್ಟಲು

"ಅಯ್ಯೋ, ಚೆಲ್ಲಬೇಡಿ!"

ಅವಳು ಓಡಿ ಬರುವಷ್ಟರಲ್ಲಿ ಅರ್ಧ ತೊಟ್ಟಿ ನೀರು ಮಣ್ಣುಪಾಲಾಗಿತ್ತು. ಪ್ರಯೋಗಾಲಯದ ಹಿತ್ತಲಲ್ಲಿ ನಿಂತಿದ್ದವನು ಮನೆಮನೆಗೆ ಹೋಗಿ ನಿಂತ ನೀರು ಚೆಲ್ಲಿಸುವ, ಚೆಲ್ಲಲಾಗದ ನೀರಿಗೆ ಸೊಳ್ಳೆಮರಿ ಸಾಯುವ ಎಣ್ಣೆ ಬಿಡುವ ಮಲೇರಿಯಾ ಕೆಲಸಗಾರ. ಊರವರ ಬಾಯಲ್ಲಿ ಸೊಳ್ಳೆ ಸಾಹೇಬ.

"ನಾನು ಊರೆಲ್ಲ ಸೊಳ್ಳೆಮರಿ ಕೊಲ್ತಾ ತಿರುಗ್ತೀನಿ. ನೀವಿಲ್ಲಿ ಸಾಕ್ತಾ ಇದ್ದೀರಲ್ಲ ಮೇಡಂ?"

"ನಾನೂ ಕೊಲ್ಲೋಕೇ ಸಾಕ್ತಿರೋದು. ಸೀತಾಫಲದ ಎಲೆ ರಸಕ್ಕೆ ಸಾಯ್ತವಾ ಅಂತ ನೋಡ್ತಿದ್ದೀನಿ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಿತ್ತು ಮೊದಲ ಭೇಟಿ. ಆದರೆ ಮರುದಿನ ಬೆಳಿಗ್ಗೆ ಅವನೇ ಬಾವಿಯ ಸೊಳ್ಳೆಮರಿಗಳನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದ. ನಿನ್ನೆ ಚೆಲ್ಲಿದ್ದಕ್ಕೆ ಬದಲು, ಎಂದ. ಬದಲು ತೀರಿದ ಮೇಲೂ ದಿನಾ ಬಂದ.

ಕಿಟಕಿಯ ಎಳೆಬಿಸಿಲಲ್ಲಿ ಇಬ್ಬರೂ ತಲೆ ತಾಗುವಷ್ಟು ಬಗ್ಗಿ ಮರಿಗಳನ್ನು ಎಣಿಸುತ್ತಿದ್ದರು. ಇಪ್ಪತ್ತು ದಾಟಿದರೆ ಸಾಕು, ಅವಳಿಗೆ ಲೆಕ್ಕವೇ ತಪ್ಪುತ್ತಿತ್ತು. ಈ ಬೆಳಗು ಮುಗಿಯದೇ ಇರಬಾರದೇ... ಎನಿಸುತ್ತಿತ್ತು.

"ಹುಳ ನೋಡೋಕೆ ಹೋಗೋಳಿಗೆ ಕನ್ನಡಿ ಮುಂದೆ ಅರ್ಧ ಗಂಟೆ ಏನೇ ಕೆಲಸ?" ಎಂದು ಮನೆಯಲ್ಲಿ ಅಕ್ಕ ಕೆಣಕಿದಳು.

ಕೊನೆಯ ಪರೀಕ್ಷೆಯ ದಿನ ಬಂತು. ರಸ ಹಾಕಿದ ಬಟ್ಟಲಲ್ಲಿ ಮರಿಗಳು ಸಾಯಬೇಕು, ಬರಿನೀರಿನ ಬಟ್ಟಲಲ್ಲಿ ಬದುಕಬೇಕು. ಆಗಲೇ ಅವಳ ಮೂರು ತಿಂಗಳ ದುಡಿಮೆಗೆ ಬೆಲೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಎರಡರಲ್ಲೂ ಒಂದೂ ಅಲುಗಾಡುತ್ತಿರಲಿಲ್ಲ. ಅಷ್ಟರಲ್ಲಿ ಅವನು ಎಂದಿನಂತೆ ಬಾಟಲಿ ಹಿಡಿದು ಬಂದ.

"ನಿನ್ನೆ ಇಲ್ಲಿಂದ ಕೊನೆಗೆ ಹೋದೋರು ನೀವೇ. ಅಭ್ಯಾಸಬಲ ಅಂತ ಇದಕ್ಕೂ ಎಣ್ಣೆ ಬಿಟ್ರಾ?"

ಅವನ ಮುಖ ಸಪ್ಪಗಾಯಿತು. "ನನ್ನ ಮೇಲೆ ಇಷ್ಟೇನಾ ನಂಬಿಕೆ ಮೇಡಂ?"

ಬಾಟಲಿ ಇಟ್ಟು ಹೊರಟುಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ...

ಮೂರನೆಯ ದಿನ ಡ್ರಾಪರ್ ತೊಳೆಯುತ್ತಿದ್ದವಳ ಕೈ ಗಕ್ಕನೆ ನಿಂತಿತು. ಆವತ್ತು ತೊಳೆದಿದ್ದೆನೇ? ಇಲ್ಲ... ರಸ ಬಿಟ್ಟ ಡ್ರಾಪರಿನಿಂದಲೇ ಬರಿನೀರಿಗೂ ಮರಿ ಬಿಟ್ಟಿದ್ದಳು. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅವಳಿಗೆ ಅಳು ಒತ್ತರಿಸಿ ಬಂತು. ಪ್ರಯೋಗದ ಪುಸ್ತಕದಲ್ಲಿ 'ತಪ್ಪು ನನ್ನದು, ಪರೀಕ್ಷೆ ಲೆಕ್ಕಕ್ಕಿಲ್ಲ' ಎಂದು ಬರೆದು ಸಹಿ ಹಾಕಿ, ಅವನನ್ನು ಹುಡುಕಿಕೊಂಡು ಹೊರಟಳು.

ಅವನು ಒಂದು ಬಾವಿಕಟ್ಟೆಯ ಮೇಲೆ ಬಗ್ಗಿ ನೀರು ನೋಡುತ್ತಿದ್ದ.

"ಡ್ರಾಪರ್ ತೊಳೀದೆ ಎರಡಕ್ಕೂ ಅದ್ದಿದ್ದು ನಾನು. ನಿಮ್ಮನ್ನ ಸುಮ್ಮನೆ ಅಂದ್ಬಿಟ್ಟೆ."

"ಮೂರು ಮೂರು ಸಲ ತೊಳೆಯೋರು ನೀವು. ಹೇಗೆ ಮರೆತ್ರಿ?"

ಅವಳು ನೆಲ ನೋಡಿದಳು. "ನೀವು ಎದುರಿಗೆ ಕೂತು ನಗ್ತಾ ಇದ್ರಿ... ಅದಕ್ಕೆ."

ಅವನು ಬಾವಿಗೆ ಬಿಟ್ಟಿದ್ದ ಬಕೆಟ್ಟನ್ನು ಸೇದಿ ಕಟ್ಟೆಯ ಮೇಲಿಟ್ಟ. ಅವಳತ್ತ ತಿರುಗಿ ಕೇಳಿದ, "ಪರೀಕ್ಷೆ?"

"ಮೊದಲಿಂದ ಮಾಡ್ಬೇಕು. ಇನ್ನೂ ಮೂರು ತಿಂಗಳು."

"ಹಾಗಾದ್ರೆ ಮರಿಗಳು ಬೇಕಾಗ್ತವೆ."

"ಮರಿಗಳನ್ನ ಯಾರು ಬೇಕಾದ್ರೂ ತಂದ್ಕೊಡ್ತಾರೆ. ನನಗೆ ನೀವು ಬೇಕು."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಮೆಲ್ಲಗೆ ಅವಳತ್ತ ಚಾಚಿದ.

"ಮೂರು ತಿಂಗಳಿಗೆ ಮಾತ್ರಾನಾ?"

"ಉಹೂಂ," ಎಂದು ಅವಳು ಆ ಕೈ ಹಿಡಿದಳು.